ಮಾಂತ್ರಿಕನ ಮನೆಗೆ ನೀರು ತರುವವರು ಯಾರು?

ಪೆರ್ಲ, ಕಾಸರಗೋಡು

ಪ್ರೀತಿಯ ತಂಗೀ,

ನಿನ್ನ ಫ್ಯಾಂಟಸಿ ಕಾದಂಬರಿಯನ್ನು ಪೂರ್ತಿ ಓದಿದೆ. ಚೆನ್ನಾಗಿದೆ, ಮುಂದುವರಿಸು ಅಂತ ನಾಲ್ಕು ಸಾಲು ಬರೆದು ಕಳಿಸಬಹುದಿತ್ತು. ಅದರಿಂದ ನಿನಗೆ ಏನೂ ಸಿಗುವುದಿಲ್ಲ. ಹಾಗಾಗಿ ಉದ್ದಕ್ಕೆ ಬರೆಯುತ್ತಿದ್ದೇನೆ, ಬಿಡುವಾದಾಗ ಕೂತು ಓದು.

ಏಳನೇ ಅಧ್ಯಾಯದಲ್ಲಿ ದೋಣಿ ನಡೆಸುವ ಮುದುಕಿ ಬರುತ್ತಾಳಲ್ಲ, ಅವಳು ನನಗೆ ತುಂಬಾ ಇಷ್ಟವಾದಳು. ಲೋಕ ಗೆಲ್ಲಲು ಹೊರಟ ಮಾಂತ್ರಿಕ ಬಂದು ಹೊಳೆ ದಾಟಿಸು ಅನ್ನುತ್ತಾನೆ. ಒಲೆಯ ಮೇಲೆ ಅಕ್ಕಿ ಬೇಯುತ್ತಿದೆ, ಗಂಜಿ ಬಸಿದು ಬರುತ್ತೇನೆ, ನಿಲ್ಲು ಅನ್ನುತ್ತಾಳೆ ಇವಳು. ಅವನು ನಿಲ್ಲುತ್ತಾನೆ. ಆ ಪುಟದಲ್ಲಿ ನಿನ್ನ ಲೋಕವನ್ನು ನಾನು ನಂಬಿದೆ. ಉಳಿದ ಕಡೆ ನಂಬಲು ಕಷ್ಟವಾಯಿತು. ಅರಮನೆಯಲ್ಲಿ ದಿನಾ ಔತಣ ನಡೆಯುತ್ತದೆ, ಅಡುಗೆಯವರು ಒಬ್ಬರೂ ಇಲ್ಲ. ಸೈನ್ಯ ತಿಂಗಳುಗಟ್ಟಲೆ ನಡೆಯುತ್ತದೆ, ಅಕ್ಕಿ ಮೂಟೆ ಹೊರುವವರಿಲ್ಲ. ಯುದ್ಧದ ನಡುವೆಯೂ ರಾಜಕುಮಾರಿಯ ಬಟ್ಟೆ ಬೆಳ್ಳಗೇ ಇದೆ, ಒಗೆದವರು ಕಾಣುವುದಿಲ್ಲ. ಗುಡ್ಡದ ತುದಿಯಲ್ಲಿ ಮಾಂತ್ರಿಕನ ಮನೆ ಇದೆ. ಅಲ್ಲಿಗೆ ನೀರು ತರುವವರು ಯಾರು?

ಪತ್ರದಲ್ಲಿ ನೀನು ಬೇಸರದಿಂದ ಬರೆದಿದ್ದೀಯ. ಬೆಳಿಗ್ಗೆ ಎದ್ದರೆ ತಿಂಡಿ, ಮಗುವಿನ ಬುತ್ತಿ, ಎಂಟರ ಬಸ್ಸು. ಸಂಜೆವರೆಗೆ ಬ್ಯಾಂಕು, ಮನೆಗೆ ಬಂದರೆ ಮತ್ತೆ ಒಲೆ. ಇದೆಲ್ಲ ಇಲ್ಲದಿದ್ದರೆ ದೊಡ್ಡ ಲೋಕವನ್ನೇ ಕಟ್ಟುತ್ತಿದ್ದೆ ಅಂತ. ಸಮಯ ಇಲ್ಲ ಅನ್ನುವುದು ನಿಜ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಆದರೆ ಒಂದು ಲೋಕ ಬೆಳಗಿನಿಂದ ರಾತ್ರಿವರೆಗೆ ಹೇಗೆ ನಡೆಯುತ್ತದೆ ಅಂತ ನಿನಗೆ ಗೊತ್ತು. ಯಾರು ಮೊದಲು ಏಳುತ್ತಾರೆ, ಯಾರು ಕೊನೆಗೆ ಊಟ ಮಾಡುತ್ತಾರೆ, ಎಣ್ಣೆ ಮುಗಿದದ್ದು ಯಾರಿಗೆ ಗೊತ್ತಾಗುತ್ತದೆ, ಮನೆಯ ಹಿರಿಯರು ಕಾಯಿಲೆ ಬಿದ್ದರೆ ಯಾರ ರಜೆ ಹೋಗುತ್ತದೆ. ಫ್ಯಾಂಟಸಿ ಬರೆಯುವ ತುಂಬಾ ಜನರಿಗೆ ಇದು ಗೊತ್ತಿಲ್ಲ. ಗೊತ್ತಿದ್ದವರೂ ಬರೆಯುವಾಗ ಬದಿಗಿಡುತ್ತಾರೆ, ಕಿರೀಟ ಕತ್ತಿಗಳ ಕಥೆಯಲ್ಲಿ ಇದಕ್ಕೇನು ಜಾಗ ಅಂತ. ನೀನೂ ಬದಿಗಿಟ್ಟಿದ್ದೀಯ. ಅದನ್ನು ಒಳಗೆ ತಾ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

1905ರಲ್ಲಿ ಬಂದ ಒಂದು ಕಥೆ ಇದೆ, ‘ಸುಲ್ತಾನಾಸ್ ಡ್ರೀಮ್’. ಬರೆದವರು ಬಂಗಾಳದ ರೊಕೆಯಾ ಸಖಾವತ್ ಹುಸೇನ್. ಇಂಗ್ಲಿಷಿನಲ್ಲಿ ಬರೆದರು, ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ನಲ್ಲಿ ಅಚ್ಚಾಯಿತು. ಆಗ ನಮ್ಮ ಕಾಸರಗೋಡೂ ಅದೇ ಮದರಾಸು ಪ್ರಾಂತ್ಯದಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಗಂಡ ಸರ್ಕೀಟು ಹೋಗಿದ್ದಾಗ ಮನೆಯಲ್ಲಿ ಒಬ್ಬರೇ ಕೂತು ಬರೆದ ಕಥೆ ಅದು. ಅಲ್ಲಿ ಹೆಂಗಸರು ರಾಜ್ಯ ನಡೆಸುತ್ತಾರೆ, ಗಂಡಸರು ಮನೆಯೊಳಗೆ ಇರುತ್ತಾರೆ. ಹೆಂಗಸರ ಒಂದು ವಿಶ್ವವಿದ್ಯಾಲಯದವರು ಬಲೂನಿಗೆ ಕೊಳವೆ ಜೋಡಿಸಿ ಮೋಡದಿಂದಲೇ ನೀರು ಇಳಿಸುತ್ತಾರೆ. ಇನ್ನೊಂದರವರು ಬಿಸಿಲಿನ ಶಾಖವನ್ನು ಕೂಡಿಡುತ್ತಾರೆ. ಹಾರುವ ವಾಹನವೂ ಇದೆ. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಆ ನಾಡಿನ ಅಡುಗೆಮನೆ. ಅಲ್ಲಿ ಹೊಗೆ ಇಲ್ಲ, ಹೊಗೆಗೂಡು ಇಲ್ಲ, ಕಲ್ಲಿದ್ದಲಿನ ಗುರುತೂ ಇಲ್ಲ. ಬಿಸಿಲಿನಲ್ಲೇ ಅಡುಗೆ. ಸೌದೆ ಒಲೆ ಊದಿ ಕಣ್ಣು ಕೆಂಪಾದವರನ್ನು ಹತ್ತಿರದಿಂದ ನೋಡದೆ ಇದು ಹೊಳೆಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನೂರು ವರ್ಷಕ್ಕೂ ಹಿಂದೆ, ಪರದೆಯ ಒಳಗಿದ್ದ ಒಬ್ಬ ಹೆಂಗಸು ವಿಜ್ಞಾನವನ್ನು ಮೊದಲು ಒಲೆಯ ಹತ್ತಿರ ಕರೆದುಕೊಂಡು ಹೋದಳು. ಈ ದಾರಿಯಲ್ಲಿ ನಡೆಯುವ ನಮಗೆಲ್ಲ ಅವಳೇ ಹಿರಿಯಳು.

ಇನ್ನೊಬ್ಬರು ಅಮೆರಿಕದ ಉರ್ಸುಲಾ ಲೆ ಗ್ವಿನ್. 1929ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡರು. ಅವರ ಬರಹದ ಬದುಕನ್ನು ಮೊದಲಿಂದ ಕೊನೆವರೆಗೆ ನೋಡಬೇಕು ನೀನು. ಮೊದಮೊದಲು ಬರೆದ ಕಾದಂಬರಿಗಳನ್ನು ಪ್ರಕಾಶಕರು ಬೇಡ ಅಂದರು. ಮೂವರು ಮಕ್ಕಳು, ಅವರು ಮಲಗಿದ ಮೇಲೆ ಬರವಣಿಗೆ. ಮೊದಲ ಕಾದಂಬರಿ ಅಚ್ಚಾದದ್ದು 1966ರಲ್ಲಿ. 1968ರಲ್ಲಿ ಅರ್ಥ್‌ಸೀ ಅನ್ನುವ ದ್ವೀಪಗಳ ಲೋಕ ಶುರುವಾಯಿತು, 1972ರೊಳಗೆ ಅದರ ಮೂರು ಪುಸ್ತಕ ಬಂದವು. ಜನ ತಲೆ ಮೇಲೆ ಹೊತ್ತುಕೊಂಡರು. ಆ ಲೋಕದಲ್ಲಿ ಮಾಂತ್ರಿಕರ ಶಾಲೆಗೆ ಹುಡುಗರಿಗೆ ಮಾತ್ರ ಪ್ರವೇಶ. ದೊಡ್ಡ ವಿದ್ಯೆ ಎಲ್ಲ ಗಂಡಸರದ್ದು, ಹೆಂಗಸರ ಪಾಲಿಗೆ ಹಳ್ಳಿಮದ್ದಿನಂಥ ಸಣ್ಣ ಮಂತ್ರ. ಓದುಗರು ಒಪ್ಪಿದ್ದರು, ಪ್ರಶಸ್ತಿ ಬಂದಿತ್ತು, ಅಲ್ಲಿಗೆ ಬಿಟ್ಟಿದ್ದರೆ ಯಾರೂ ಏನೂ ಹೇಳುತ್ತಿರಲಿಲ್ಲ.

ಅವರು ಬಿಡಲಿಲ್ಲ. 1990ರಲ್ಲಿ, ಅರುವತ್ತು ದಾಟಿದ ಮೇಲೆ, ಅದೇ ಲೋಕಕ್ಕೆ ‘ಟೆಹಾನು’ ಅಂತ ನಾಲ್ಕನೇ ಪುಸ್ತಕ ಬರೆದರು. ಈ ಸಲ ನಡುವೆ ಇರುವವಳು ನಡುವಯಸ್ಸಿನ ವಿಧವೆ. ಹಿಂದಿನ ಪುಸ್ತಕದಲ್ಲಿ ಸಾಹಸ ಮಾಡಿದ್ದ ಟೆನಾರ್ ಅವಳೇ, ಈಗ ತೋಟ ನೋಡಿಕೊಂಡಿದ್ದಾಳೆ. ಅವಳ ಜೊತೆ ಬೆಂಕಿಯಲ್ಲಿ ಸುಟ್ಟ ಒಂದು ಹೆಣ್ಣು ಮಗು. ಮೂರು ಪುಸ್ತಕಗಳ ಮಹಾ ಮಾಂತ್ರಿಕ ತನ್ನ ಶಕ್ತಿ ಎಲ್ಲ ಕಳೆದುಕೊಂಡು ಬಂದು ಆಡು ಕಾಯುತ್ತಾನೆ. ಆಡು ಇದೆ, ತೊಳೆಯಬೇಕಾದ ಪಾತ್ರೆ ಇದೆ, ರಾತ್ರಿ ಬಾಗಿಲು ಭದ್ರ ಮಾಡುವ ಹೆದರಿಕೆ ಇದೆ. ಡ್ರ್ಯಾಗನ್ನೂ ಇದೆ. ಹಳೆಯ ಓದುಗರಲ್ಲಿ ಕೆಲವರಿಗೆ ಸಿಟ್ಟು ಬಂತು. ಆದರೂ ಆ ಪುಸ್ತಕಕ್ಕೆ ನೆಬ್ಯುಲಾ ಅನ್ನುವ ದೊಡ್ಡ ಪ್ರಶಸ್ತಿ ಬಂತು. ತಾನೇ ಕಟ್ಟಿದ ಲೋಕದಲ್ಲಿ ಯಾರನ್ನು ಬದಿಗಿಟ್ಟೆ ಅಂತ ಹದಿನೆಂಟು ವರ್ಷದ ನಂತರ ಹೋಗಿ ಹುಡುಕುವುದಕ್ಕೆ ಎಷ್ಟು ಧೈರ್ಯ ಬೇಕು, ಅಲ್ವಾ? ನನ್ನ ಕಣ್ಣಿಗೆ ಅವರು ದೊಡ್ಡವರಾಗಿ ಕಾಣುವುದು ಆ ಒಂದು ಪುಸ್ತಕಕ್ಕೆ.

ಇದನ್ನೆಲ್ಲ ಹೇಳಿದೆ ಅಂತ ಮನೆಗೆಲಸವೇ ತಪಸ್ಸು, ಅದರಲ್ಲೇ ಸಾಹಿತ್ಯ ಹುಟ್ಟುತ್ತದೆ ಅಂತ ತಿಳಿಯಬೇಡ. ಹಾಗೆ ಹೇಳುವವರು ಸಾಮಾನ್ಯವಾಗಿ ಆ ಕೆಲಸ ಮಾಡುವವರಲ್ಲ. ಸಮಯ ಬೇಕು. ಆಕ್ಟೇವಿಯಾ ಬಟ್ಲರ್ 1947ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಕಪ್ಪು ಹುಡುಗಿ. ತಾಯಿ ಬೇರೆಯವರ ಮನೆಗೆಲಸ ಮಾಡುತ್ತಿದ್ದರು, ಆ ಮನೆಯವರು ಬಿಸಾಡಿದ ಪುಸ್ತಕಗಳನ್ನು ಮಗಳಿಗೆ ತಂದುಕೊಡುತ್ತಿದ್ದರು. ಮಗಳು ಪಾತ್ರೆ ತೊಳೆದಳು, ಫೋನಿನಲ್ಲಿ ಸಾಮಾನು ಮಾರಿದಳು, ಚಿಪ್ಸ್ ಕಾರ್ಖಾನೆಯಲ್ಲಿ ಕೆಟ್ಟ ಚಿಪ್ಸ್ ಹೆಕ್ಕುವ ಕೆಲಸ ಮಾಡಿದಳು. ರಾತ್ರಿ 2 ಗಂಟೆಗೆ ಎದ್ದು ಬರೆದು ಆಮೇಲೆ ಕೆಲಸಕ್ಕೆ ಹೋಗುತ್ತಿದ್ದಳು. ಮೊದಲ ಕಾದಂಬರಿ 1976ರಲ್ಲಿ. 1995ರಲ್ಲಿ ಮೆಕಾರ್ಥರ್ ಫೆಲೋಶಿಪ್ ಅನ್ನುವ ದೊಡ್ಡ ಗೌರವ ಸಿಕ್ಕಿತು, ವೈಜ್ಞಾನಿಕ ಕಥೆ ಬರೆಯುವವರಲ್ಲಿ ಅದನ್ನು ಮೊದಲು ಪಡೆದದ್ದು ಅವರೇ.

ನೀನೂ ರಾತ್ರಿ 2 ಗಂಟೆಗೆ ಏಳು ಅಂತ ನಾನು ಹೇಳುವುದಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ. ನಿನ್ನ ಮನೆಯಲ್ಲಿ ಕೈಕಾಲು ಗಟ್ಟಿ ಇರುವ ಗಂಡ ಇದ್ದಾನೆ. ವಾರದಲ್ಲಿ ಇಂಥ ದಿನ ಬೆಳಿಗ್ಗೆ ಮಗುವಿನ ಬುತ್ತಿ ನಿನ್ನದು, ಆ ಹೊತ್ತು ನಾನು ಬರೆಯುತ್ತೇನೆ ಅಂತ ಬಾಯಿಬಿಟ್ಟು ಹೇಳು. ಕೇಳುವ ಧ್ವನಿಯಲ್ಲಿ ಬೇಡ, ಹೇಳುವ ಧ್ವನಿಯಲ್ಲಿ. ಎಲ್ಲರ ಕೆಲಸ ಮುಗಿದ ಮೇಲೆ ಏನಾದರೂ ಉಳಿದರೆ ಅದು ನನ್ನದು ಅಂತ ಕಾದರೆ ಏನೂ ಉಳಿಯುವುದಿಲ್ಲ. ನನ್ನ ಕಾಲದಲ್ಲಿ ಬರೆಯುತ್ತಿದ್ದ ಎಷ್ಟೋ ಹೆಂಗಸರು ಹೀಗೆ ಕಾಯುತ್ತಲೇ ನಿಂತುಹೋದರು. ಅವರಲ್ಲಿ ನನಗಿಂತ ಚೆನ್ನಾಗಿ ಬರೆಯುತ್ತಿದ್ದವರಿದ್ದರು.

ಈಗ ನೀರಿನ ಪ್ರಶ್ನೆಗೆ ಬರುತ್ತೇನೆ. ನಿನ್ನ ಗುಡ್ಡದಲ್ಲಿ ಹಿಮ ಕರಗಿ ತೊರೆ ಹರಿಯುತ್ತದೆ ಅಂತ ಒಂದು ಸಾಲು ಇದೆ. ಹಿಮವನ್ನು ನೀನು ಸಿನಿಮಾದಲ್ಲಿ ನೋಡಿದ್ದು. ಬಾಯಾರು ಊರಿನ ನಿನ್ನ ತವರುಮನೆಯ ಹಿಂದೆ ಸುರಂಗ ಇದೆ ಅಂತ ನೀನೇ ಬರೆದಿದ್ದೀಯ. ಅದರ ಬಾಯಲ್ಲಿ ಒಮ್ಮೆ ನಿಂತು ನೋಡು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ದಾರಿ. ಒಬ್ಬ ಮನುಷ್ಯ ಹೋಗುವಷ್ಟು ಎತ್ತರ, ಎರಡು ಬದಿಗೂ ಭುಜ ತಾಗುವಷ್ಟು ಅಗಲ. ಒಳಗೆ ಒಬ್ಬ ಕೂತು ಪಿಕ್ಕಾಸಿನಲ್ಲಿ ಕಡಿಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸುತ್ತಾನೆ. ಬೆಳಕಿಗೆ ಒಂದು ಕ್ಯಾಂಡಲ್. ಅದು ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ಎಷ್ಟು ದೂರ ಕಡಿದರೆ ನೀರು ಸಿಗುತ್ತದೆ ಅಂತ ಯಾರೂ ಮೊದಲೇ ಹೇಳಲಾರರು. ಕಡಿದು ಕಡಿದು ಬಿಟ್ಟವರೂ ಇದ್ದಾರೆ. ಸಿಕ್ಕಿದರೆ ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ.

ಇದರಲ್ಲಿ ಒಂದೇ ಒಂದು ಸಂಗತಿಯನ್ನು ಬದಲಿಸು. ಹೊರಗೆ ಬರುವ ಪ್ರತಿ ಬುಟ್ಟಿ ಮಣ್ಣಿಗೆ ಕಡಿಯುವವನ ಒಂದು ನೆನಪು ಗುಡ್ಡದ ಪಾಲಾಗುತ್ತದೆ ಅಂದುಕೋ. ಅಷ್ಟೇ, ಬೇರೆ ಮಂತ್ರ ಬೇಡ. ಈಗ ನಿನಗೆ ಗೊತ್ತಿರುವ ಲೆಕ್ಕವನ್ನೆಲ್ಲ ತಂದು ಕೇಳು. ಕಡಿಯಲು ಯಾರನ್ನು ಕಳಿಸುತ್ತಾರೆ, ಧಣಿಯ ಮಗನನ್ನೋ ಒಕ್ಕಲಿನವನನ್ನೋ? ಕೂಲಿ ಎಷ್ಟು? ಸಂಜೆ ಮನೆಗೆ ಬಂದವನಿಗೆ ಮಕ್ಕಳ ಹೆಸರು ನೆನಪು ಮಾಡಿಕೊಡುವವಳು ಯಾರು? ಅವಳು ಅದನ್ನು ಎಲ್ಲಿ ಬರೆದಿಟ್ಟುಕೊಳ್ಳುತ್ತಾಳೆ? ಆ ನೀರು ಕುಡಿದವರ ಕನಸಿನಲ್ಲಿ ಇನ್ನೊಬ್ಬರ ಬಾಲ್ಯ ಬರುತ್ತದೆಯಾ? ನೀರು ಸಿಗುವ ಮೊದಲೇ ಅವನು ತಾನು ಯಾಕೆ ಕಡಿಯುತ್ತಿದ್ದೇನೆ ಅನ್ನುವುದನ್ನೇ ಮರೆತರೆ? ಹೀಗೆ ಕೇಳುತ್ತಾ ಹೋದರೆ ಕಥೆ ತಾನಾಗಿ ಕೂಡಿಕೊಳ್ಳುತ್ತದೆ. ಮಾಂತ್ರಿಕ, ಪಾತಾಳ, ಶಾಪ ಎಲ್ಲ ಬರಲಿ, ಆದರೆ ಪ್ರತಿಯೊಂದಕ್ಕೂ ಯಾರೋ ಒಬ್ಬರು ಬೆಲೆ ತೆರುತ್ತಿರಬೇಕು, ಅವರು ಯಾರು ಅಂತ ನಿನಗೆ ಗೊತ್ತಿರಬೇಕು.

ವೈಜ್ಞಾನಿಕ ಕಥೆಗೂ ಇದೇ. ಅದಕ್ಕೆ ಕೇಳಿ ತಿಳಿಯುವ ಕೆಲಸ ಜಾಸ್ತಿ. ಬಟ್ಲರ್ ಗುಲಾಮಗಿರಿಯ ಕಾಲಕ್ಕೆ ಹೋಗುವ ಹೆಂಗಸಿನ ಕಥೆ ಬರೆಯಲು ಬಸ್ಸಿನಲ್ಲಿ ದೇಶ ದಾಟಿ ಮೇರಿಲ್ಯಾಂಡಿಗೆ ಹೋದರು. ನೀನು ಅಷ್ಟು ದೂರ ಹೋಗಬೇಕಾಗಿಲ್ಲ. ಕೂಡ್ಲಿನಲ್ಲಿ ಸಿಪಿಸಿಆರ್‌ಐ ಅನ್ನುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ತೆಂಗು, ಅಡಿಕೆ, ಕೊಕ್ಕೊ ಬಗ್ಗೆ ಬದುಕಿಡೀ ಕೆಲಸ ಮಾಡಿದವರು ನಿನ್ನ ಬ್ಯಾಂಕಿನಿಂದ ಕೂಗಳತೆಯಲ್ಲಿದ್ದಾರೆ. ಐವತ್ತು ವರ್ಷದ ನಂತರ ಅಡಿಕೆ ತೋಟವೇ ಇಲ್ಲದ ನಮ್ಮ ಎಣ್ಮಕಜೆ ಪಂಚಾಯತು ಹೇಗಿರಬಹುದು ಅಂತ ಹೋಗಿ ಕೇಳು.

ಇನ್ನೊಂದು. ನಿನ್ನ ಐದು ರಾಜ್ಯಗಳಲ್ಲೂ ಎಲ್ಲರೂ ಒಂದೇ ಭಾಷೆ ಮಾತಾಡುತ್ತಾರೆ. ಕಾಸರಗೋಡಿನಿಂದ ಪೆರ್ಲಕ್ಕೆ ಬರುವ ಬಸ್ಸಿನಲ್ಲೇ ಹಾಗಿಲ್ಲವಲ್ಲ! ಕಂಡಕ್ಟರ್ ಮಲಯಾಳದಲ್ಲಿ ಕೇಳುತ್ತಾನೆ, ನೀನು ಕನ್ನಡದಲ್ಲಿ ಹೇಳುತ್ತೀಯ, ಹಿಂದಿನ ಸೀಟಿನಲ್ಲಿ ತುಳು, ಮುಂದೆ ಬ್ಯಾರಿ, ಕೊಂಕಣಿ, ಮರಾಠಿ. ಯಾರು ಯಾರಿಗಾಗಿ ತಮ್ಮ ಮಾತು ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ ಅಂತ ಗಮನಿಸು. ಯಾರ ಕೈ ಮೇಲಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. 1956ರಲ್ಲಿ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಸೇರಿಸಿದ ಮೇಲೆ ಅರ್ಜಿ ಫಾರಂ ಯಾವ ಭಾಷೆಯಲ್ಲಿ ತುಂಬಬೇಕು ಅನ್ನುವುದೂ ನಮಗೆ ದಿನದ ವಿಷಯ. ಇದನ್ನು ಬದುಕಿದವಳ ಲೋಕದಲ್ಲಿ ಐದು ರಾಜ್ಯ, ಒಂದು ಭಾಷೆ ಇರಬಾರದು.

ಹನ್ನೊಂದನೇ ಅಧ್ಯಾಯದ ಬಗ್ಗೆ ನಾನು ಕಟುವಾಗಿ ಹೇಳಬೇಕು. ಕರಿನಾಡಿನ ದುಷ್ಟ ಸೈನ್ಯದಲ್ಲಿ ತಲೆ ದೊಡ್ಡದಾದ, ಕೈಕಾಲು ಸೊಟ್ಟಗಾದ ಮಕ್ಕಳನ್ನು ಇಟ್ಟಿದ್ದೀಯ. ಓದುವವರಿಗೆ ಹೆದರಿಕೆ ಆಗಲಿ ಅಂತ. ಅದನ್ನು ತೆಗೆ. ಈ ಊರಿನ ಗೇರು ತೋಟಗಳ ಮೇಲೆ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ, ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಬಾವಿಗೆ, ಸುರಂಗದ ನೀರಿಗೆ, ಅಂಗಳಕ್ಕೆ ಅದು ಬಿತ್ತು. ಜಗತ್ತು ಅದನ್ನು ಸ್ಟಾಕ್‌ಹೋಮ್ ಒಪ್ಪಂದದ, ನಿಲ್ಲಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದ್ದು 2011ರಲ್ಲಿ. ನೀನು ದುಷ್ಟತನದ ಗುರುತಾಗಿ ಬಳಸಿದ ಆ ದೇಹಗಳು ನಮ್ಮ ಪಂಚಾಯತಿನ ಮಕ್ಕಳದ್ದು. ಅವರನ್ನು ಇಷ್ಟು ವರ್ಷ ಎತ್ತಿ, ತಿನ್ನಿಸಿ, ಮೈ ತೊಳೆಸಿ ನೋಡಿಕೊಂಡ ಅಮ್ಮಂದಿರು ಇಲ್ಲೇ ಇದ್ದಾರೆ. ನೀನು ಕೆಟ್ಟ ಮನಸ್ಸಿನಿಂದ ಬರೆದಿಲ್ಲ, ಗೊತ್ತು. ಕುರೂಪ ಅಂದರೆ ಕೇಡು ಅಂತ ಹೊರಗಿನ ಎಷ್ಟೋ ಫ್ಯಾಂಟಸಿಗಳಲ್ಲಿ, ನಮ್ಮ ಅಜ್ಜಿಕಥೆಗಳಲ್ಲಿ ಕೂಡ ಬಂದಿದೆ, ಅದು ಸುಮ್ನೆ ಕೈಗೆ ಬಂತು. ಸುಮ್ನೆ ಕೈಗೆ ಬಂದದ್ದನ್ನೇ ಜಾಸ್ತಿ ಅನುಮಾನದಿಂದ ನೋಡಬೇಕು. ಆಕಾಶದಿಂದ ವಿಷ ಬಿದ್ದ ನಾಡಿನ ಕಥೆ ಬರೆಯುವುದಾದರೆ ಆ ಅಮ್ಮನ ಪಕ್ಕದಲ್ಲಿ ಕೂತು ಬರೆ.

ದೈವಗಳ ವಿಷಯದಲ್ಲೂ ಅವಸರ ಬೇಡ. ಭೂತ, ತೆಯ್ಯಂ ಕಟ್ಟುವವರಿಗೆ ಅದು ಕುಲದ ಕೆಲಸ, ನಂಬಿಕೆ. ಹೆಸರು, ಬಣ್ಣ ಎತ್ತಿಕೊಂಡು ಬಂದು ಹೀರೋ ಮಾಡಬೇಡ. ಪಾಡ್ದನ, ಅಂದರೆ ತುಳುವಿನ ಕಥನ ಹಾಡು, ಅದನ್ನು ಮಾತ್ರ ಕಿವಿಗೊಟ್ಟು ಕೇಳು. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುತ್ತಾ, ಬೆನ್ನು ಬಗ್ಗಿಸಿಕೊಂಡೇ ಹೆಂಗಸರು ಸಿರಿಯಂಥವಳ ಕಥೆಯನ್ನು ಗಂಟೆಗಟ್ಟಲೆ ಹಾಡುತ್ತಿದ್ದರು. ಗಂಡನನ್ನು ಬಿಟ್ಟು ಹೊರಟ ಸಿರಿ ಅವಳು. ಕನ್ನಡದವರಿಗೆ ಫ್ಯಾಂಟಸಿ ರುಚಿಸುವುದಿಲ್ಲ ಅಂತ ನಿನಗೆ ಯಾರೋ ಹೇಳಿದರಲ್ಲ, ಅವರು ಗದ್ದೆ ಬದಿಯಲ್ಲಿ ನಿಂತವರಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯಲ್ಲಿ ಇಡೀ ರಾತ್ರಿ ಯಕ್ಷಗಾನ ಆಟ ನೋಡಿದವರೂ ಅಲ್ಲ.

ಹೆಸರಿನ ಬಗ್ಗೆ ಕೇಳಿದ್ದೀಯ, ಬರೀ ಇನಿಷಿಯಲ್ ಹಾಕಿದರೆ ಗಂಡಸರೂ ಓದುತ್ತಾರೆ ಅಂತ ಗೆಳತಿ ಹೇಳಿದ್ದಾಳೆ. 1969ರಲ್ಲಿ ಲೆ ಗ್ವಿನ್ ಅವರ ಕಥೆಯೊಂದನ್ನು ‘ಪ್ಲೇಬಾಯ್’ ಪತ್ರಿಕೆಯವರು ‘ಯು. ಕೆ. ಲೆ ಗ್ವಿನ್’ ಅಂತಲೇ ಹಾಕಿದರು. ಯೋಚನೆ ಮಾಡದೆ ಒಪ್ಪಿಬಿಟ್ಟೆ ಅಂತ ಅವರೇ ಆಮೇಲೆ ಬರೆದರು. ಆಲಿಸ್ ಶೆಲ್ಡನ್ ಅನ್ನುವ ಇನ್ನೊಬ್ಬರು ಅಂಗಡಿಯಲ್ಲಿ ಕಂಡ ಜಾಮ್ ಬಾಟಲಿಯಿಂದ ಹೆಸರು ತೆಗೆದು ಜೇಮ್ಸ್ ಟಿಪ್‌ಟ್ರೀ ಅಂತ ವರ್ಷಗಟ್ಟಲೆ ಬರೆದರು. ಇದು ಗಂಡಸಿನದ್ದೇ ಬರವಣಿಗೆ ಅಂತ ರಾಬರ್ಟ್ ಸಿಲ್ವರ್‌ಬರ್ಗ್ ಅನ್ನುವ ಲೇಖಕರು ಆಲಿಸ್ ಅವರ ಪುಸ್ತಕದ ಮುನ್ನುಡಿಯಲ್ಲೇ ವಾದ ಮಾಡಿದರು. ಆಲಿಸ್ ಅವರ ತಾಯಿ ತೀರಿಕೊಂಡ ಸುದ್ದಿಯ ಜಾಡು ಹಿಡಿದು ಗುಟ್ಟು ಹೊರಬಂತು. ಇಷ್ಟವಿದ್ದರೆ ಬೇರೆ ಹೆಸರು ಇಟ್ಟುಕೋ, ಅದು ನಿನ್ನ ಹಕ್ಕು. ಹೆದರಿ ಇಟ್ಟುಕೊಳ್ಳಬೇಡ. ನನಗೆ ಕೇಳಿದರೆ ಪುಸ್ತಕದ ಮೇಲೆ ನಿನ್ನ ಪೂರ್ತಿ ಹೆಸರು ನೋಡಬೇಕು ಅಂತ ಆಸೆ.

ಮೊದಲು ಒಂದು ಸಾಮಾಜಿಕ ಕಾದಂಬರಿ ಬರೆದು ಹೆಸರು ಮಾಡಿಕೊ, ಆಮೇಲೆ ಇದನ್ನೆಲ್ಲ ಬರಿ ಅಂತ ಯಾರೋ ನಿನಗೆ ಅಂದರಂತೆ. ಕೇಳಬೇಡ. ನನ್ನ ಮೊದಲ ಕಥೆಯಲ್ಲಿ ಬೇರೆ ಗ್ರಹದಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ ಇದ್ದಳು. ಗ್ರಹ ಅಂತ ಕಂಡ ಕೂಡಲೇ ಒಂದು ಪತ್ರಿಕೆಯವರು ಮಕ್ಕಳ ವಿಭಾಗಕ್ಕೆ ಕಳಿಸಿ ಅಂತ ವಾಪಸ್ ಕಳಿಸಿದರು. ಅದೇ ಕಥೆಯನ್ನು ಇನ್ನೊಂದು ಕಡೆ ಕಳಿಸಿದೆ, ಅಚ್ಚಾಯಿತು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಪತ್ರಿಕೆಗೆ ಬರೆಯಲು ಶುರುಮಾಡಿದ್ದು ನಲವತ್ತು ದಾಟಿದ ಮೇಲೆ. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅವರು ಬರೆದದ್ದು ಕಣ್ಣೆದುರಿನ ಬದುಕು, ನೀನು ಬರೆಯುವುದು ಕಲ್ಪನೆ. ಆದರೆ ಅವರು ಯಾರ ಅಪ್ಪಣೆಗೂ ಕಾದವರಲ್ಲ. ನಿನಗಿನ್ನೂ ಇಪ್ಪತ್ತೊಂಬತ್ತು.

ಬ್ಯಾಂಕಿನ ಕೆಲಸ ಬಿಡಬೇಡ. ಲೆಕ್ಕ ನಿನಗೇ ಗೊತ್ತು. 300 ರೂಪಾಯಿ ಮುಖಬೆಲೆಯ ಪುಸ್ತಕ, 1000 ಪ್ರತಿ, ಶೇಕಡಾ 10 ಗೌರವಧನ ಅಂದರೆ ಎಲ್ಲ ಪ್ರತಿ ಮಾರಿಹೋದರೂ 30,000 ರೂಪಾಯಿ. ಅದೂ ಕಂತಿನಲ್ಲಿ. ಐದು ಸಂಪುಟದ ಯೋಜನೆ ಬದಿಗಿಡು. ಸುರಂಗದ್ದನ್ನು ಸಣ್ಣ ಕಥೆ ಮಾಡಿ ತುಷಾರ, ಮಯೂರಗಳಿಗೆ ಕಳಿಸು, ದೀಪಾವಳಿ ಸ್ಪರ್ಧೆಗಳಿಗೂ ಕಳಿಸು. ಓದುಗರಿಗೆ ನಿನ್ನ ಹೆಸರಿನ ಪರಿಚಯ ಆಗುವುದು ಅಲ್ಲಿ. ಪುಸ್ತಕ ತರುತ್ತೇವೆ, ಮೊದಲು ದುಡ್ಡು ಕಟ್ಟಿ ಅನ್ನುವವರಿಗೆ ಎಷ್ಟು ಪ್ರತಿ ಅಚ್ಚು ಹಾಕುತ್ತೀರಿ, ಎಲ್ಲಿ ಮಾರುತ್ತೀರಿ ಅಂತ ಬರವಣಿಗೆಯಲ್ಲಿ ಕೇಳು. ಒಪ್ಪಂದದಲ್ಲಿ ಅಚ್ಚಿನ ಹಕ್ಕು ಬೇರೆ, ಇ-ಪುಸ್ತಕ ಮತ್ತು ಆಡಿಯೋ ಬೇರೆ, ಅನುವಾದ ಬೇರೆ, ಸಿನಿಮಾ ಬೇರೆ ಅಂತ ಬಿಡಿಸಿ ಬರೆದಿರಬೇಕು. ಅನುವಾದದ ಹಕ್ಕನ್ನು ನೀನೇ ಇಟ್ಟುಕೋ. ಪಕ್ಕದ ಮನೆಯವರೇ ಮಲಯಾಳದಲ್ಲಿ ಓದುವ ಊರು ನಮ್ಮದು. ಸಹಿ ಹಾಕುವ ಮೊದಲು ನನಗೊಮ್ಮೆ ತೋರಿಸು.

ಹನ್ನೊಂದನೇ ಅಧ್ಯಾಯವನ್ನು ಮೊದಲು ತಿದ್ದು, ಬಿಸು ಹಬ್ಬ ಕಳೆದ ಮೇಲೆ ಕಳಿಸು. ಮಳೆ ಶುರುವಾಗಿ ಅಡಿಕೆಗೆ ಮದ್ದು ಬಿಡುವ ಸಮಯ ಬಂದರೆ ನನಗೂ ಕೈ ಬಿಡುವಿರುವುದಿಲ್ಲ, ಅದಕ್ಕಿಂತ ಮೊದಲು ಓದಿ ಹೇಳುತ್ತೇನೆ.

ಇತಿ,
ನಿನ್ನ ಅಕ್ಕ